ಒಂಬತ್ತನೇ ರೀಲಿನಲ್ಲಿ ಸತ್ತು ಎಂಟನೇ ರೀಲಿನಲ್ಲಿ ಉಂಡ ಡ್ರ್ಯಾಗನ್ ಮಹಾಶಯರಿಗೆ

ಬಳ್ಳಾರಿ, ಸೋಮವಾರ

ಮಾನ್ಯರೇ,

ನನಗೆ ಮದುವೆಯಾಗಿದೆ, ಇವತ್ತಿಗೆ ಸರಿಯಾಗಿ ಇಪ್ಪತ್ತೊಂಬತ್ತು ದಿನ! ಪತ್ರ ಬರೆಯುವ ಕ್ರಮದಂತೆ ಮೊದಲು ತಮ್ಮ ರೆಕ್ಕೆ, ಬಾಲ, ಮೂಗಿನ ಹೊಳ್ಳೆ ಮುಂತಾದವುಗಳ ಆರೋಗ್ಯ ವಿಚಾರಿಸಿ, ಇತ್ತ ನಾವೆಲ್ಲರೂ ಕ್ಷೇಮವೆಂದು ಒಂದು ಸಣ್ಣ ಸುಳ್ಳು ಬರೆದು, ಆಮೇಲೆ ನಿಧಾನವಾಗಿ ವಿಷಯಕ್ಕೆ ಬರಬೇಕೆಂದು ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹತ್ತು ವರ್ಷ ಕಲಿಸಿದ್ದು ನಿಜವೇ. ಆದರೆ ಸಂತೋಷವೆಂಬುದು ತಮ್ಮ ಬೆಂಕಿಯ ಹಾಗೆ. ಬಾಯಿ ತೆರೆದರೆ ಮೊದಲು ಅದೇ ಹೊರಗೆ ಬರುತ್ತದೆ, ಎದುರಿಗಿರುವವರ ಮೀಸೆ ಸುಟ್ಟರೂ ಸರಿಯೇ. ಆದ್ದರಿಂದ ಸುದ್ದಿಯನ್ನು ಮೊದಲು ಉಗುಳಿ, ಈಗ ವಿಧಿವತ್ತಾಗಿ ವಂದಿಸುತ್ತೇನೆ. ಏಳು ಬೆಟ್ಟಗಳ ಒಡೆಯರೂ, ಮುನ್ನೂರು ಕುರಿಗಳನ್ನು ಒಂದೇ ಪಂಕ್ತಿಗೆ ಮುಗಿಸಿದವರೂ, ಸೀನಿದರೆ ಕೋಟೆಬಾಗಿಲು ಸುಡುವವರೂ, ಕೊಟ್ಟೂರಿನ ತಗಡಿನ ಟಾಕೀಸಿನಲ್ಲಿ ಎರಡನೇ ವಾರಕ್ಕೆ ಕಾಲಿಟ್ಟ ಮೊಟ್ಟಮೊದಲ ಇಂಗ್ಲಿಷ್ ಪ್ರಾಣಿಯೂ ಆದ ತಮಗೆ, ಬಳ್ಳಾರಿಯ ಬಳೆ ವ್ಯಾಪಾರಿಯ ಮಗಳು, ಅದೇ ಟಾಕೀಸಿನ ಆಪರೇಟರ್ ಇಶ್ತಿಯಾಕ ಅವರ ಹೊಸ ಹೆಂಡತಿ ನೂರೀನಳ ಬಾಗಿದ ಸಲಾಮುಗಳು.

ಇದು ಬಹಿರಂಗ ಪತ್ರ. ಇದನ್ನು ಟಾಕೀಸಿನ ಹುಲುಗಣ್ಣ ಕಾಕಾ ಅವರ ಹೆಸರಿಗೆ ಅಂಚೆಗೆ ಹಾಕುತ್ತಿದ್ದೇನೆ. ಬುಧವಾರದ ಮ್ಯಾಟಿನಿಯಲ್ಲಿ, ತಾವು ಮಧ್ಯಂತರದ ವಿಶ್ರಾಂತಿಯಲ್ಲಿರುವಾಗ, ಅವರು ಇದನ್ನು ಮೈಕಿನಲ್ಲಿ ಓದುತ್ತಾರೆ. ತಮ್ಮೊಂದಿಗೆ ಇಂಗ್ಲಿಷಿನಲ್ಲೇ ವ್ಯವಹರಿಸಬಹುದಿತ್ತು. ಆದರೆ ಹತ್ತು ದಿನದಿಂದ ದಿನಕ್ಕೆ ಮೂರು ಆಟ ಹುಲುಗಣ್ಣ ಕಾಕಾ ಅವರ ಕನ್ನಡ ಕೇಳಿದ ಮೇಲೆ ತಮಗೆ ಇಂಗ್ಲಿಷ್ ಮರೆತಿರಬೇಕೆಂಬುದು ನನ್ನ ನಮ್ರ ಊಹೆ.

ಹುಲುಗಣ್ಣ ಕಾಕಾ ಯಾರೆಂದು ಪರಸ್ಥಳದವರಾದ ತಮಗೆ ವಿವರಿಸಬೇಕು. ಕೊಟ್ಟೂರಿನ ತಗಡಿನ ಟಾಕೀಸಿಗೆ ಇಂಗ್ಲಿಷ್ ಚಿತ್ರ ಬಂದಾಗ ಪರದೆಯ ಪಕ್ಕದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಹುಲುಗಣ್ಣ ಕಾಕಾ, ಅವರ ಕೈಯಲ್ಲಿ ಮೈಕು ಇರುವುದು ಪದ್ಧತಿ. ಬೆಳಿಗ್ಗೆ ಜಟಕಾದಲ್ಲಿ ಕೂತು ಊರೆಲ್ಲ ಚಿತ್ರದ ಪ್ರಚಾರ ಮಾಡುವವರೂ ಅವರೇ, ಮಧ್ಯಾಹ್ನ ಅದರ ಕಥೆ ಬಿಡಿಸಿ ಹೇಳುವವರೂ ಅವರೇ. ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದೆಂಬುದು ಅವರ ಕೆಲಸಕ್ಕೆ ಎಂದೂ ಅಡ್ಡಿಯಾಗಿಲ್ಲ, ಬದಲಿಗೆ ಅನುಕೂಲವೇ ಆಗಿದೆ. ತಾವು ಮೊದಲ ಸಲ ಮೋಡದೊಳಗಿಂದ ಇಳಿದು ಬಂದಾಗ, ಆ ಚಿತ್ರದ ಆಂಗ್ಲ ಪಂಡಿತರು ತಮ್ಮ ವಂಶಾವಳಿಯನ್ನೇ ಗಂಭೀರ ದನಿಯಲ್ಲಿ ಹೇಳುತ್ತಿದ್ದರೆ, ಇತ್ತ ಕಾಕಾ ತಮ್ಮನ್ನು ಸಭೆಗೆ ಪರಿಚಯಿಸಿದ್ದು ಹೀಗೆ: "ನೋಡ್ರಪಾ, ಇದು ನಮ್ಮ ಹಂಪಸಾಗರದ ಹೊಳಿ ಮೊಸಳಿ ಇದ್ದಂಗ ಐತಿ. ರೆಕ್ಕಿ ಬಂದಾವ. ಬಾಯಾಗ ಸೀಮೆಎಣ್ಣಿ ಸ್ಟವ್ ಇಟ್ಕಂಡೈತಿ." ತಮ್ಮನ್ನು ಕೊಲ್ಲಲು ಬಂದು, ಶಿರಸ್ತ್ರಾಣ ಕಣ್ಣಿನ ಮೇಲೆ ಜಾರಿ, ಕುದುರೆಯ ಬದಲು ಕತ್ತೆ ಹತ್ತಿದ ಆ ವೀರಯೋಧನ ಬಗ್ಗೆ: "ಇಂವ ತಗಡಿನ ಸರದಾರ. ಮನ್ಯಾಗಿನ ಪಾತ್ರಿ ಪಗಡಿ ಎಲ್ಲಾ ಮೈಮ್ಯಾಲೆ ಹಾಕ್ಕಂಡು ಬಂದಾನ. ಅವ್ವ ಅಡಿಗಿ ಮಾಡಾಕ ಗಡಿಗಿ ಹುಡುಕಾಕ ಹತ್ಯಾಳ." ರಾಜಕುಮಾರಿ ಆತನಿಗೆ, ನಿನ್ನನ್ನು ಮದುವೆಯಾಗುವ ಬದಲು ಆ ಡ್ರ್ಯಾಗನ್ನನ್ನೇ ಮದುವೆಯಾಗುತ್ತೇನೆ ಎಂದು ಉರಿದು ಬಿದ್ದಾಗ ಕಾಕಾ ಅನುವಾದಿಸಿದರು: "ಕೈ ತೊಳಕೊಂಡು ಬಾ, ಊಟ ಆರತೈತಿ ಅಂತಾಳ."

ಗೋಡೆಗಳ ಮೇಲೆ ತಮ್ಮ ಚಿತ್ರಕ್ಕೆ ಬರೆಸಿದ ಹೆಸರು 'ಬೆಂಕಿ ಮೊಸಳೆ' ಎಂಬುದನ್ನು ಈ ಸಂದರ್ಭದಲ್ಲಿ ವಿಷಾದಪೂರ್ವಕವಾಗಿ ತಿಳಿಸುತ್ತೇನೆ. ದೂರು ಕೊಡುವುದಾದರೆ ತಾವೂ ಒಂದು ಪತ್ರ ಬರೆಯಬಹುದು.

ಈಗ ನನ್ನ ದೂರು. ತಮ್ಮ ಆಗಮನವಾದದ್ದು ನನ್ನ ಮದುವೆಯ ನಂತರದ ಮೂರನೇ ಶುಕ್ರವಾರ. ನಮ್ಮಲ್ಲಿ ಮದುವೆಯಾದ ಮೇಲಿನ ಐದು ಶುಕ್ರವಾರ ಹೊಸ ಜೋಡಿಯನ್ನು ಜೊತೆಗೆ ಕೂರಿಸಿ ಊಟ ಹಾಕುತ್ತಾರೆ, ಒಂದು ವಾರ ಗಂಡಿನ ಮನೆಯಲ್ಲಿ, ಒಂದು ವಾರ ಹೆಣ್ಣಿನ ಮನೆಯಲ್ಲಿ. ಅದಕ್ಕೆ ಜುಮಗಿ ಎನ್ನುತ್ತಾರೆ. ಐದೂ ಜುಮಗಿ ಜೋಡಿಯಾಗಿ ಉಂಡರೆ ಆಯುಷ್ಯವಿಡೀ ಜೋಡಿಯಾಗಿ ಉಂಡಂತೆ ಎಂದು ನನ್ನ ಅತ್ತೆ ರಹಿಮತ್ ಬೀ ನಂಬುತ್ತಾರೆ. ಮೂರನೆಯ ಜುಮಗಿ ಕೊಟ್ಟೂರಿನಲ್ಲಿ ವೈಭವದಿಂದ ಮುಗಿಯಿತು. ಮರುದಿನ ಅತ್ತೆ ಹೇಳಿದರು: "ಬಾ ಬೇಟಿ, ನಿನ್ನ ಗಂಡನ ದರ್ಬಾರು ನೋಡುವಿಯಂತೆ." ಅವರು ಹೇಳಿದ್ದು ಉರ್ದುವಿನಲ್ಲಿ. ನಮ್ಮ ಮನೆಯಲ್ಲಿ ಎರಡು ಭಾಷೆಗಳೂ ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಯಾವ ತುತ್ತು ಯಾವುದೆಂದು ಬೇರ್ಪಡಿಸಲು ಹೋಗುವುದಿಲ್ಲ.

ಶನಿವಾರದ ಮ್ಯಾಟಿನಿ. ಹೆಂಗಸರ ಕಡೆಯ ಮೂರನೇ ಸಾಲು, ಗೋಡೆಯ ಪಕ್ಕದ ಕುರ್ಚಿ. ಕೈಯಲ್ಲಿ ಟಾಕೀಸಿನ ಹೊರಗೆ ಬಾಣಲೆ ಇಟ್ಟಿರುವ ಪಕ್ಕೀರಮ್ಮನ ಮಂಡಕ್ಕಿ, ಮೆಣಸಿನಕಾಯಿ. ತಲೆಯ ಹಿಂದೆ, ಮೇಲೆ, ಗೋಡೆಯಲ್ಲಿ ಒಂದು ಅಂಗೈಯಗಲದ ಕಿಂಡಿ. ಕಿಂಡಿಯ ಆಚೆ ನನ್ನ ಗಂಡ. ಮಾನ್ಯರೇ, ತಾವು ಉಗುಳುವ ಬೆಂಕಿ ತಮ್ಮದೆಂದು ತಾವು ತಿಳಿದುಕೊಂಡಿದ್ದರೆ ಕ್ಷಮಿಸಿ. ಅದು ನನ್ನ ಗಂಡ ಆ ಖೋಲಿಯಲ್ಲಿ ಎರಡು ಕಾರ್ಬನ್ ಕಡ್ಡಿಗಳನ್ನು ಮುಖಾಮುಖಿ ಹಿಡಿಸಿ ಹಚ್ಚುವ ಬೆಳಕು. ಅವರು ಕಡ್ಡಿ ಸರಿಸುವುದನ್ನು ಒಂದು ನಿಮಿಷ ಮರೆತರೆ ತಾವು ತಮ್ಮ ಏಳು ಬೆಟ್ಟಗಳ ಸಮೇತ ಕಪ್ಪಗಾಗುತ್ತೀರಿ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೌದು, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ತಗಡಿನ ಟಾಕೀಸಿನಲ್ಲಿರುವುದು ಒಂದೇ ಮಷೀನು. ಹೀಗಾಗಿ ಒಂದೊಂದು ರೀಲು ಮುಗಿದಾಗಲೂ ದೀಪ ಹತ್ತುತ್ತದೆ, ಜನ ಕೆಮ್ಮುತ್ತಾರೆ, ಮಕ್ಕಳು ಅಳುತ್ತವೆ, ಆಪರೇಟರ್ ಮುಂದಿನ ಡಬ್ಬಿ ತೆರೆದು ರೀಲು ಏರಿಸುತ್ತಾರೆ, ದೀಪ ಆರುತ್ತದೆ. ತಮ್ಮದು ಹತ್ತು ರೀಲುಗಳ ದೇಹ. ಏಳು ರೀಲುಗಳವರೆಗೆ ತಾವು ಅತ್ಯಂತ ಶಿಸ್ತಿನಿಂದ ನಡೆದುಕೊಂಡಿರಿ. ಆ ತಗಡಿನ ಸರದಾರನೊಂದಿಗೆ ಜಗಳವಾಡಿ, ಆಮೇಲೆ ಗೆಳೆಯರಾಗಿ, ಆತನ ಕತ್ತೆಯನ್ನು ತಿನ್ನದೆ ಬಿಟ್ಟು ದೊಡ್ಡತನ ಮೆರೆದಿರಿ. ಏಳನೆಯದು ಮುಗಿದು ದೀಪ ಹತ್ತಿ ಆರಿದ ಮೇಲೆ ತಾವು ಏಕಾಏಕಿ ಬುರುಜಿನ ಮೇಲಿಂದ ಶತ್ರುಸೈನ್ಯದ ಮೇಲೆ ಹಾರಿ, ನೂರು ಬಾಣ ತಿಂದು, ಬಿದ್ದು ಸತ್ತಿರಿ. ತಮ್ಮನ್ನು ಬಾವುಟ ಹೊದಿಸಿ ಮಣ್ಣು ಮಾಡಿದರು. ಹೆಂಗಸರ ಕಡೆ ಒಬ್ಬರ ಕಣ್ಣೂ ಒಣಗಿರಲಿಲ್ಲ. ನನ್ನ ಮುಂದೆ ಕೂತಿದ್ದ ಮಾರೆಮ್ಮ ಎಂಬ ಅಜ್ಜಿ, ತನ್ನ ಸ್ವಂತ ಬೀಗರು ಹೋದಾಗಲೂ ಇಷ್ಟು ಅತ್ತಿರಲಿಲ್ಲವೆಂದು ಅತ್ತೆಗೆ ಹೇಳಿದಳು.

ಮತ್ತೆ ದೀಪ ಹತ್ತಿತು, ಆರಿತು. ಅರಮನೆಯಲ್ಲಿ ದೊಡ್ಡ ಔತಣ. ಊಟದ ಮೇಜಿನ ತಲೆಯಲ್ಲಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಮೆಣಸಿನಪುಡಿ ಮೂಗಿಗೆ ಏರಿ ಕಣ್ಣಲ್ಲಿ ನೀರು ಸುರಿಸುತ್ತಾ, ಜೀವಂತವಾಗಿ, ತಾವು!

ಮೈಲಾರದ ಜಾತ್ರೆಯಲ್ಲಿ ಕಾರಣಿಕದ ಭವಿಷ್ಯವಾಣಿ ಬೀಳುವ ಮೊದಲು ಅಷ್ಟೊಂದು ಜನ ಹೇಗೆ ಕಲ್ಲಾಗಿ ನಿಲ್ಲುತ್ತಾರೋ ಹಾಗೆ ಎಲ್ಲರೂ ಹುಲುಗಣ್ಣ ಕಾಕಾ ಕಡೆ ತಿರುಗಿದರು. ಅವರು ಒಂದು ಕ್ಷಣವೂ ಅಳುಕಲಿಲ್ಲ. "ಇಂವ ಅದರ ತಮ್ಮ ನೋಡ್ರಿ," ಎಂದರು. "ಅಣ್ಣನ ಮಣ್ಣಿಗಂತ ಹೊಂಟಿದ್ದ. ಬಸ್ ತಪ್ಪೈತಿ. ದಿವಸದ ಊಟಕ್ಕ ಬಂದು ಮುಟ್ಯಾನ. ಅಳಬ್ಯಾಡಪಾ, ಹೋದೋರು ತಿರುಗಿ ಬರಂಗಿಲ್ಲ. ಉಣ್ಣು, ಒಂದು ತುತ್ತರ ಉಣ್ಣು."

ಮಾನ್ಯರೇ, ತಗಡಿನ ಮಾಡೇ ಹಾರಿಹೋಗುವಂತೆ ಜನ ಮರುಗಿದರು. ತಡವಾಗಿ ಮುಟ್ಟಿದ ಆ ಸಹೋದರನ ಕಣ್ಣೀರು, ತಟ್ಟೆಯ ಮೇಲೆ ತಟ್ಟೆ ಖಾಲಿ ಮಾಡುವ ಅವನ ದುಃಖ, ತಗಡಿನ ಸರದಾರ ಬಂದು ಅವನ ಕೊರಳು ತಬ್ಬಿಕೊಂಡದ್ದು! "ಅಯ್ಯ ಪಾಪ, ಮಕ ನೋಡವ್ವಾ, ಥೇಟ್ ಅಣ್ಣನಂಗ ಅದಾನ," ಎಂದು ಮಾರೆಮ್ಮಜ್ಜಿ ಬಿಕ್ಕಿದಳು. ನನ್ನ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ನಾಲ್ಕು ವರ್ಷದ ಹಿಂದೆ ಅವರ ಸ್ವಂತ ಅಣ್ಣ ತೀರಿದಾಗ ಅವರೂ ಹೀಗೇ ಬಸ್ಸು ತಪ್ಪಿ ಹರಪನಹಳ್ಳಿ ಸ್ಟ್ಯಾಂಡಿನಲ್ಲಿ ಕೂತಿದ್ದನ್ನು ನನ್ನ ಕಿವಿಯಲ್ಲಿ ಹೇಳಿದರು.

ಈ ಹೊತ್ತಿನಲ್ಲಿ ಒಬ್ಬ ಬುದ್ಧಿವಂತ ಹೆಣ್ಣುಮಗಳು ಮಾಡಬೇಕಾದ್ದು ಮಂಡಕ್ಕಿ ತಿನ್ನುವುದು. ನಾನು ಮಾಡಿದ್ದು ಎದ್ದು ನಿಲ್ಲುವುದು. ಶಾಲೆಯಲ್ಲಿ ಬೋರ್ಡಿನ ಮೇಲೆ ತಪ್ಪು ಕಂಡರೆ ಕೈ ಎತ್ತಿ ಹೇಳಬೇಕೆಂದು ಕಲಿಸಿದ್ದರಲ್ಲ, ಆ ಅಭ್ಯಾಸ. "ರಾಂಗ್ ರೀಲ್! ರಾಂಗ್ ರೀಲ್!" ಎಂದು ಕಿರುಚಿದೆ. ಯಾರಿಗೂ ತಿಳಿಯಲಿಲ್ಲವೆಂದು ಕನ್ನಡದಲ್ಲೂ ಕಿರುಚಿದೆ: "ಅದಕ್ಕ ತಮ್ಮ ಇಲ್ಲ! ಊಟ ಮೊದಲು, ಸಾಯೋದು ಆಮ್ಯಾಲೆ! ರೀಲು ಹಿಂದುಮುಂದಾಗೈತಿ!"

"ಯಾರವ್ವಾ ಅದು, ಸತ್ತ ಮನ್ಯಾಗ ಬಾಯಿ ಮಾಡೋದು?" ಎಂದರು ಕಾಕಾ ಮೈಕಿನಲ್ಲಿ.

"ಆಪರೇಟರ್ ಹೇಣ್ತಿ ಐತಿ ಬಿಡೋ ಮಾರಾಯ," ಎಂದಿತು ಗಂಡಸರ ಕಡೆಯ ಒಂದು ದನಿ. "ಅಕಿನ ಅಂತಾಳಂದ ಮ್ಯಾಲೆ ಖರೇನ ಐತಿ. ಗಂಡ ನಿದ್ದಿ ಹೊಡದಾನ."

ನಾನೂರು ತಲೆಗಳು ಒಂದೇ ಸಲ ಹಿಂದಕ್ಕೆ ತಿರುಗಿ ಕಿಂಡಿಯನ್ನು ನೋಡಿದವು. ಸೀಟಿ ಎದ್ದಿತು. ಕಿಂಡಿಯಲ್ಲಿದ್ದ ಮುಖ ಸರಿದುಹೋಯಿತು.

ಅಂದು ಸಂಜೆ ಟಾಕೀಸಿನ ಮಾಲೀಕ ನಾಗೇಂದ್ರಪ್ಪನವರು ಕೇಳಿದಾಗ ನನ್ನ ಗಂಡ ಹೇಳಿದ್ದು ಎರಡೇ ಮಾತು: "ಕಣ್ಣು ಹತ್ತಿತ್ತು, ಸಾವ್ಕಾರ್ರ." ನನ್ನ ಮಾವ ಮೌಲಾಸಾಬ್, ಇದೇ ಮಷೀನನ್ನು ಮಗನಿಗಿಂತ ಮೊದಲು ಇಪ್ಪತ್ತೆಂಟು ವರ್ಷ ಓಡಿಸಿ ಈಗ ಪಂಪ್‌ಸೆಟ್ ರಿಪೇರಿ ಮಾಡುವವರು, ಸ್ಪ್ಯಾನರ್ ಕೆಳಗಿಟ್ಟು ಹೇಳಿದರು: "ನನ್ನ ಕೈಯಾಗ ನೂರಾರು ಮಂದಿ ಸತ್ತಾರ. ಒಬ್ಬಾವನೂ ಎದ್ದು ಊಟಕ್ಕ ಕುಂತಿಲ್ಲ." ನಮ್ಮ ಖೋಲಿಯಲ್ಲಿ ನನ್ನ ಗಂಡ ನನ್ನನ್ನು ಕೇಳಿದ್ದು ಇಷ್ಟೇ, ಅಷ್ಟು ಜೋರಾಗಿ ಕೂಗಬೇಕಿತ್ತೇ ಎಂದು. ಸತ್ಯ ಹೇಳಿದ್ದು ತಪ್ಪೇ ಎಂದೆ ನಾನು, ಮಾರಲ್ ಸೈನ್ಸಿನಲ್ಲಿ ಎರಡು ವರ್ಷ ಬಹುಮಾನ ತೆಗೆದುಕೊಂಡವಳು. ಅವರು "ಹೇಳೋದಿದ್ರ ಪೂರ್ತಿ ಹೇಳಬೇಕಿತ್ತು," ಎಂದು ಮಗ್ಗುಲಾದರು. ಆ ಮೇಲೆ ಮಾತು ನಿಂತಿತು.

ಆ ಸಂಜೆಯ ಆಟದಿಂದಲೇ ಅವರು ರೀಲುಗಳನ್ನು ಸರಿಯಾದ ಕ್ರಮದಲ್ಲಿ ಹಾಕಿದರು, ರವಿವಾರವೂ ಹಾಗೆಯೇ. ಎಂಟರಲ್ಲಿ ತಾವು ಉಂಡಿರಿ, ಒಂಬತ್ತರಲ್ಲಿ ಸತ್ತಿರಿ, ಹತ್ತರಲ್ಲಿ ತಮ್ಮ ಗವಿಯಲ್ಲಿ ಒಂದು ಮೊಟ್ಟೆ ಒಡೆದು ಮರಿ ಹೊರಬಂದು ಶುಭಂ ಆಯಿತು. ಇದಕ್ಕಿಂತ ಅಚ್ಚುಕಟ್ಟಾದ ಕಥೆ ಯಾರಿಗೆ ಬೇಕು? ಯಾರಿಗೂ ಬೇಡವಾಗಿತ್ತು. ಶನಿವಾರದ ಸುದ್ದಿ ಅಷ್ಟರಲ್ಲಿ ಐದು ತಾಲೂಕು ಸುತ್ತಿ ಬಂದಿತ್ತು. "ತಮ್ಮ ಎಲ್ಲಿ? ತಮ್ಮನ್ನ ತೋರಸ್ರಿ!" ಎಂದು ಜನ ಕುರ್ಚಿ ಬಡಿದರು. ಒಬ್ಬರಂತೂ ಕಿಂಡಿಯ ಕೆಳಗೆ ನಿಂತು ಕೂಗಿದರು: "ತಮ್ಮನ್ನ ನೋಡಾಕಂತ ಹಡಗಲಿಯಿಂದ ಎರಡು ಬಸ್ ಬದಲಿ ಮಾಡಿ ಬಂದೀನಿ. ಎಲ್ಲಿ ಕತ್ತರಿಸಿ ಇಟ್ಟಿಯೋ, ನಿದ್ದಿ ಆಪರೇಟರಾ?" ನನ್ನ ಗಂಡ ತಪ್ಪು ಮಾಡಿದಾಗ ಒಂದು ಬೈಗುಳ ತಿಂದಿದ್ದರು, ಸರಿ ಮಾಡಿದ ಮೇಲೆ ದಿನಕ್ಕೆ ಮೂರು ಆಟ ತಿನ್ನತೊಡಗಿದರು.

ನಾಗೇಂದ್ರಪ್ಪನವರು ಕರೆಸಿ ಹೇಳಿದರಂತೆ: "ಒಂಬತ್ತು ಮೊದಲ ಹಾಕು, ಎಂಟು ಆಮ್ಯಾಲೆ ಹಾಕು. ನಿಂದೇನು ಗಂಟು ಹೋಗತೈತಿ?"

"ತಪ್ಪು ಒಂದ್ಸಲ ಆದ್ರ ತಪ್ಪು, ಸಾವ್ಕಾರ್ರ. ದಿನಾ ಬೇಕಂತ ಮಾಡಿ ಆಪರೇಟರ್ ಅಂತ ಹೆಂಗ ಅನ್ನಿಸ್ಕಳ್ಳಿ?"

"ಹಂಗಾದ್ರ ಕೇಳು. ಮುಂದಿನ ಗುರುವಾರಕ್ಕ ಚಿತ್ರ ಎತ್ತತೀನಿ. ಅಷ್ಟರಾಗ ತಮ್ಮ ಬರಲಿಲ್ಲಂದ್ರ, ಶುಕ್ರವಾರದ ಹೊಸ ಚಿತ್ರಕ್ಕ ಹೊಸ ಆಪರೇಟರ್ ಬರತಾನ."

ಇಂಥ ಉಸಿರುಗಟ್ಟಿದ ಹೊತ್ತಿನಲ್ಲಿ ನಾನು ಗಂಡನ ಪಕ್ಕದಲ್ಲಿ ನಿಂತೆನೆಂದು ತಾವು ಊಹಿಸಿದ್ದರೆ ತಮ್ಮ ಒಳ್ಳೆಯತನಕ್ಕೆ ನಮಸ್ಕಾರ. ನಾನು ಮೂಗು ಕೆಂಪು ಮಾಡಿಕೊಂಡು, ನಾಲ್ಕನೆಯ ಜುಮಗಿ ನಮ್ಮ ಮನೆಯದೆಂಬ ನೆಪ ಹಿಡಿದು, ಗುರುವಾರ ಬಳ್ಳಾರಿಗೆ ಬಂದುಬಿಟ್ಟೆ. ಅವರು ಬರಲಿಲ್ಲ. ಮಷೀನು ಬಿಟ್ಟು ಬರಲಾಗದು ಎಂದರು. ಶುಕ್ರವಾರ ನನ್ನ ತಾಯಿ ಎರಡು ತಟ್ಟೆ ಹಾಕಿದರು. ಒಂದರ ಮುಂದೆ ನಾನು ಕೂತೆ. ಇನ್ನೊಂದರ ಮುಂದೆ ಅಳಿಯನ ಬಿರಿಯಾನಿ ಆರುತ್ತಾ ಕೂತಿತು. ಬಂದ ನೆಂಟರೆಲ್ಲ ಅಳಿಯಂದಿರು ಎಲ್ಲಿ ಎಂದು ಕೇಳಿದರು. ಮಾನ್ಯರೇ, ಆ ಖಾಲಿ ಜಾಗವನ್ನು ನೋಡುತ್ತಾ ನನಗೆ ಅಂದು ಮೊದಲ ಸಲ ತಮ್ಮ ಆ ಇಲ್ಲದ ಸಹೋದರನ ಮೇಲೆ ಮರುಕ ಹುಟ್ಟಿತು. ಬರಬೇಕಾದ ಹೊತ್ತಿಗೆ ಬರದವರಿಗಾಗಿ ಹಾಕಿದ ತಟ್ಟೆ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಹುಲುಗಣ್ಣ ಕಾಕಾ ಅವರಿಗೆ ಎ, ಬಿ, ಸಿ ಗೊತ್ತಿಲ್ಲದೆಯೇ ಗೊತ್ತಿತ್ತು.

ಇವತ್ತು ಬೆಳಿಗ್ಗೆ ನನ್ನ ನಾದಿನಿ ಮುಸ್ಕಾನ್ ಬರೆದ ಇನ್‌ಲ್ಯಾಂಡ್ ಪತ್ರ ಬಂತು. "ಭಾಭಿ, ಅಣ್ಣ ಮಷೀನ್ ಖೋಲಿಯಾಗ ಉಣ್ತಾನ. ಅಮ್ಮಿ ಕಳಿಸಿದ ಡಬ್ಬಿ ಅರ್ಧ ವಾಪಸ್ ಬರತೈತಿ. ಇವತ್ತರ ತಮ್ಮ ಬಂದಾನು ಅಂತ ಮಂದಿ ದಿನಾ ಬರ್ತಾರ, ದಿನಾ ಬೈದು ಹೋಗ್ತಾರ. ಅಣ್ಣ ರೀಲು ಬದಲಿ ಮಾಡೂಮುಂದ ಪ್ರತಿಸಲ ಕಿಂಡಿಯಾಗಿಂದ ನಿನ್ನ ಕುರ್ಚಿ ನೋಡ್ತಾನ. ಅಲ್ಲಿ ಈಗ ಮಾರೆಮ್ಮಜ್ಜಿ ಕುಂತಿರತಾಳ."

ಈ ಪತ್ರ ಓದಿದ ಮೇಲೆಯೇ ನನಗೆ ಹೊಳೆದದ್ದು, ಮಾನ್ಯರೇ, ಇಡೀ ಕೊಟ್ಟೂರಿನಲ್ಲಿ ನನ್ನ ಗಂಡನಿಗೆ ದಿನಕ್ಕೆ ಮೂರು ಆಟ ಮುಖಾಮುಖಿ ಕೂರುವವರು ತಾವೊಬ್ಬರೇ. ಮಿಕ್ಕವರೆಲ್ಲ ಬೆನ್ನು ತೋರಿಸುತ್ತಾರೆ, ಇಲ್ಲವೇ ತಿರುಗಿ ಸೀಟಿ ಹೊಡೆಯುತ್ತಾರೆ. ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳು.

ಮೊದಲನೆಯದಾಗಿ, ತಮ್ಮ ತಾಯಿಯವರು ಇನ್ನೂ ಯಾವುದಾದರೂ ಬೆಟ್ಟದಲ್ಲಿ ಬದುಕಿದ್ದರೆ, ತಮಗೆ ಒಬ್ಬ ನಿಜವಾದ ತಮ್ಮನನ್ನು ದಯಪಾಲಿಸಲು ಕೋರಬೇಕು, ಅದೂ ಗುರುವಾರದೊಳಗೆ. ಆಗದಿದ್ದರೆ ಮಧ್ಯಂತರದಲ್ಲಿ ಸುಮ್ಮನೆ ಮಲಗುವ ಬದಲು ಹೊರಗೆ ಬಂದು ಪಕ್ಕೀರಮ್ಮನ ಬಾಣಲೆಯ ಕೆಳಗೆ ಎರಡು ಉಸಿರು ಬಿಡಬೇಕು. ಹಸಿ ಕಟ್ಟಿಗೆ ಊದಿ ಊದಿ ಆಕೆಯ ಕಣ್ಣು ತಮ್ಮ ಔತಣದ ಕಣ್ಣಿನಂತಾಗಿವೆ. ಮುಂದೆ ಸಾಯುವ ಸಂದರ್ಭ ಬಂದಾಗ ಮೂರು ದಿನ ಮೊದಲೇ ಮಾಲೀಕರಿಗೆ ಲಿಖಿತ ಅರ್ಜಿ ಕೊಟ್ಟು ಸಾಯಬೇಕು. ನಿದ್ದೆ ಆಪರೇಟರ್ ಎಂದು ಯಾರು ಕೂಗಿದರೂ ಪರದೆಯಿಂದ ಕತ್ತು ಚಾಚಿ ಅವರ ಮೀಸೆಯನ್ನು ಒಂದು ಕಡೆ ಮಾತ್ರ ಸುಡಬೇಕು. ಎರಡೂ ಕಡೆ ಬೇಡ, ನಾವು ಸಭ್ಯರು.

ಇನ್ನೊಂದಕ್ಕೆ ತಮ್ಮ ಅನುಮತಿಯೊಂದೇ ಸಾಲದು, ಹುಲುಗಣ್ಣ ಕಾಕಾ ಅವರ ನಾಲಿಗೆಯೂ ಬೇಕು. ಕಾಕಾ, ಇಲ್ಲಿ ಸ್ವಲ್ಪ ತಡೆದು ನೀರು ಕುಡಿದು ಓದಿರಿ. ರೀಲುಗಳು ಸರಿಯಾದ ಕ್ರಮದಲ್ಲೇ ಓಡಲಿ, ಎಂಟಾದ ಮೇಲೆ ಒಂಬತ್ತು. ಎಂಟರಲ್ಲಿ ಊಟಕ್ಕೆ ಕೂತವನು ತಮ್ಮನೇ ಎಂದು ತಾವು ಹೇಳಿರಿ. ಅವನಿಗೆ ಈ ಸಲ ಬಸ್ಸು ತಪ್ಪಲಿಲ್ಲ, ಒಂದು ದಿನ ಮೊದಲೇ ಸಿಕ್ಕಿತು. ನಾಳೆ ಯುದ್ಧಕ್ಕೆ ಹೋಗುವ ಅಣ್ಣನನ್ನು ನೋಡಲು ಬಂದಿದ್ದಾನೆ. ಅಣ್ಣ ಒಳಗೆ ಆಯುಧ ಮಸೆಯುತ್ತಿದ್ದಾನೆ, ತಮ್ಮ ಉಣ್ಣುತ್ತಾ ಅಳುತ್ತಿದ್ದಾನೆ. ಒಂಬತ್ತರಲ್ಲಿ ಸಾಯುವವನು ಅಣ್ಣ. ಜನರಿಗೆ ತಮ್ಮ ಸಿಗುತ್ತಾನೆ, ನಾಗೇಂದ್ರಪ್ಪನವರಿಗೆ ಜನ ಸಿಗುತ್ತಾರೆ, ಆಪರೇಟರ್ ಒಂದು ಇಂಚು ರೀಲನ್ನೂ ಅಡ್ಡಾದಿಡ್ಡಿ ಏರಿಸಬೇಕಿಲ್ಲ. ಮಾರೆಮ್ಮಜ್ಜಿ ಮೊದಲಿಗಿಂತ ಹೆಚ್ಚು ಅಳುತ್ತಾಳೆ, ನಾನು ಖಾತ್ರಿ ಕೊಡುತ್ತೇನೆ. ಮಣ್ಣಿಗೆ ತಡವಾಗಿ ಬರುವುದಕ್ಕಿಂತ ಊಟಕ್ಕೆ ಮೊದಲೇ ಬರುವುದು ಲೇಸಲ್ಲವೇ? ಇಂಗ್ಲಿಷ್ ಬಲ್ಲವಳಾಗಿ ನಾನು ಪ್ರಮಾಣ ಮಾಡಿ ಹೇಳುತ್ತೇನೆ, ಈ ಕಥೆ ಚಿತ್ರದಲ್ಲಿ ಎಲ್ಲೂ ಇಲ್ಲ. ಮತ್ತು ಚಿತ್ರದ ಕಥೆಗಿಂತ ಚೆನ್ನಾಗಿದೆ.

ಕೊನೆಗೆ ಉಳಿದದ್ದು ಸತ್ಯ, ಪೂರ್ತಿ ಸತ್ಯ. ಕಾಕಾ, ಇದನ್ನು ಜೋರಾಗಿ ಓದಿರಿ, ಕಿಂಡಿಯವರೆಗೆ ಕೇಳಬೇಕು.

ಶನಿವಾರದ ಮ್ಯಾಟಿನಿಯಲ್ಲಿ ಏಳನೇ ರೀಲು ಮುಗಿದು ದೀಪ ಹತ್ತಿದಾಗ ನಾನು ಹಿಂದಕ್ಕೆ ತಿರುಗಿದೆ. ಕಿಂಡಿಯಲ್ಲಿ ಅವರ ಮುಖ ಕಂಡಿತು. ಹೆಂಗಸರ ಕಡೆ ನಮ್ಮ ಸಾಲಿನ ತುಂಬ ಕರಿ ಬುರ್ಖಾಗಳು. ಅದರಲ್ಲಿ ತನ್ನವಳು ಯಾರೆಂದು ಹುಡುಕುತ್ತಿದ್ದರು. ನನ್ನ ಕೈಯ ಮೆಹಂದಿ ಆಗಿನ್ನೂ ಕೆಂಪಾಗಿತ್ತು, ನಮ್ಮಪ್ಪನ ಅಂಗಡಿಯ ಎರಡು ಡಜನ್ ಹಸಿರು ಬಳೆಗಳಿದ್ದವು. ನಾನು ಕೈ ಎತ್ತಿ ಬೀಸಿದೆ. ಒಂದು ಸಲವಲ್ಲ, ಮೂರು ಸಲ. ಅವರು ನಕ್ಕರು. ಎಡಗೈ ಕಿಂಡಿಗೆ ತಂದು ಬೆರಳಾಡಿಸಿದರು, ನನ್ನನ್ನೇ ನೋಡುತ್ತಾ ಬಲಗೈಯಿಂದ ಡಬ್ಬಿ ತಡವಿ ತೆಗೆದರು. ನನ್ನ ಗಂಡನಿಗೆ ಕಣ್ಣು ಹತ್ತಿರಲಿಲ್ಲ. ಎರಡೂ ಕಣ್ಣು ಅಗಲವಾಗಿ ತೆರೆದಿದ್ದವು, ಮತ್ತು ಎರಡೂ ನನ್ನ ಮೇಲಿದ್ದವು. ಇದನ್ನು ಅವರು ಮಾಲೀಕರಿಗೆ ಹೇಳಲಿಲ್ಲ, ತಂದೆಗೆ ಹೇಳಲಿಲ್ಲ. ಹೇಳಿದ್ದರೆ ಊರು ನಗುತ್ತಿದ್ದುದು ನನ್ನನ್ನು. ಅದಕ್ಕೇ ನಿದ್ದೆ ಎಂಬ ಹೆಸರು ಹೊತ್ತುಕೊಂಡರು. ತನ್ನ ಕಸುಬಿನ ಮೇಲೆ ತಾನೇ ಮಣ್ಣು ಹಾಕಿಕೊಂಡರು. ನಾನು ಎದ್ದು ನಿಂತು ಅರ್ಧ ಸತ್ಯವನ್ನು ಎರಡು ಭಾಷೆಗಳಲ್ಲಿ ಕೂಗಿದೆ, ಇನ್ನರ್ಧವನ್ನು ಎರಡರಲ್ಲೂ ನುಂಗಿದೆ.

ಊರಿನ ಹಿರಿಯರೇ, ಈಗ ನಗುವುದಾದರೆ ಈ ಕಡೆ ತಿರುಗಿ ನಗಿರಿ. ನಾನು ನನ್ನ ಗಂಡನಿಗೆ ಕೈ ಬೀಸಿದೆ. ಮತ್ತೂ ಬೀಸುತ್ತೇನೆ, ಆದರೆ ಹತ್ತನೇ ರೀಲು ಮುಗಿದ ಮೇಲೆ.

ಇಷ್ಟು ದೀರ್ಘವಾಗಿ ತಮ್ಮ ಅಮೂಲ್ಯವಾದ ಹನ್ನೆರಡು ನಿಮಿಷದ ಮಧ್ಯಂತರವನ್ನು ತಿಂದದ್ದಕ್ಕೆ ಕ್ಷಮೆ ಇರಲಿ. ತಾವು ಮುನ್ನೂರು ಕುರಿ ತಿಂದದ್ದನ್ನು ನಾವು ಕ್ಷಮಿಸಲಿಲ್ಲವೇ?

ತಮ್ಮ ಬೆಂಕಿಗೆ ಹೆದರದ, ಗಂಡನ ಮೌನಕ್ಕೆ ಮಾತ್ರ ಹೆದರುವ ವಿಶ್ವಾಸಿ,
ನೂರೀನ

ತಾಜಾಕಲಂ: ಐದನೆಯ ಜುಮಗಿ ಈ ಶುಕ್ರವಾರ ಕೊಟ್ಟೂರಿನಲ್ಲಿದೆ. ತಟ್ಟೆ ಎರಡೂ ತುಂಬಬೇಕು. ತಾವು ದಯವಿಟ್ಟು ಬರಬೇಡಿ. ಒಬ್ಬ ತಮ್ಮನಿಗೆ ಊಟ ಹಾಕಿಯೇ ಊರು ಸುಸ್ತಾಗಿದೆ. ನಾನು ಮಾತ್ರ ಆ ತಮ್ಮನ ಹಾಗೆ ಒಂದು ದಿನ ಮೊದಲೇ ಹೊರಟಿದ್ದೇನೆ, ತಮ್ಮ ಕೊನೆಯ ಮ್ಯಾಟಿನಿಗೆ ಸರಿಯಾಗಿ ಮುಟ್ಟುತ್ತೇನೆ, ಮಾರೆಮ್ಮಜ್ಜಿ ನನ್ನ ಕುರ್ಚಿ ಬಿಟ್ಟುಕೊಡಲಿ. ಕಿಂಡಿಯಲ್ಲಿರುವವರು ಆಟ ಶುರುವಾಗುವ ಮುನ್ನ ಸ್ಟೇಷನ್ನಿಗೆ ಬಂದು ನನ್ನ ಟ್ರಂಕು ಇಳಿಸಿಕೊಂಡರೆ, ಸಾಲು ಬುರ್ಖಾಗಳಲ್ಲಿ ಹುಡುಕುವ ಕಷ್ಟ ಬೇಡ, ಕಿಟಕಿಯಿಂದ ಬೀಸುವ ಕೈ ನನ್ನದೇ. ತಾವು ಹತ್ತು ಡಬ್ಬಿಗಳಲ್ಲಿ ಸುರುಳಿ ಸುತ್ತಿಕೊಂಡು ಬಂದಿರಲ್ಲ, ಕರಿ ಹೊಗೆ ಉಗುಳುತ್ತಾ ಕೂಗುತ್ತಾ ಬರುವ ತಮ್ಮ ಆ ದೂರದ ನಂಟನ ಬೆನ್ನೇರಿಯೇ ಬರುತ್ತೇನೆ: ಗುರುವಾರ, ಹೊಸಪೇಟೆಯಿಂದ ಬರುವ ಕೊಟ್ಟೂರು ಪ್ಯಾಸೆಂಜರ್.